ದಿಬ್ಬದ ಸರದಿ

ಬಾಗಿಲಿನ ಆ ಕಡೆಯ ಚಿಲಕ ಸರಿದ ಸದ್ದಿಗೆ ನೀರಗಂಟಿ ಒದ್ದೆ ಅಂಗಿ ಹಿಂಡುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ. ಹಳೆಯ ಚಿಲಕ. ತೆಗೆಯುವಾಗ ಮೊದಲು ಕಚ್ಚಿಕೊಳ್ಳುತ್ತದೆ, ಆಮೇಲೆ ಒಲ್ಲದ ಮನಸ್ಸಿನಿಂದ ಗೊಣಗುತ್ತ ಸರಿಯುತ್ತದೆ. ಬೇಸಿಗೆಯ ಶುರುವಿನಲ್ಲಿ ಬಿದ್ದ ಚಿಲಕ ಅದು. ಅಂದಿನಿಂದ ಈ ಸದ್ದನ್ನು ಅವನು ಎಷ್ಟೋ ಸಲ ಸುಮ್ಮಸುಮ್ಮನೆ ಕೇಳಿಸಿಕೊಂಡು ಎದ್ದು ಕೂತಿದ್ದ. ಹಾಗಾಗಿ ಈಗಲೂ ನಂಬಿಕೆ ಬರಲಿಲ್ಲ.

"ಏನಪ್ಪಾ, ಒಳಗಿದ್ದೀಯೋ ಇಲ್ವೋ?" ಬಾಗಿಲು ಅರ್ಧ ತೆರೆದು ಅತ್ತಿಗೆ ನಿಂತಿದ್ದಳು. ಕೈಯಲ್ಲಿ ಸೌಟಿತ್ತು. "ಊಟಕ್ಕೆ ಬಾ. ನಿಮ್ಮಣ್ಣ ಕೂತಿದಾರೆ."

"ನಾನಾ?"

"ಇಲ್ಲ, ನಿನ್ನ ಹಿಂದೆ ನಿಂತಿದಾನಲ್ಲ ಆ ಮಹಾರಾಜ. ಬಾ ಸುಮ್ನೆ, ಆರಿ ಹೋಗುತ್ತೆ."

ಅವನು ನಿಜವಾಗಿಯೂ ಒಮ್ಮೆ ಹಿಂದೆ ತಿರುಗಿ ನೋಡಿದ. ಒಂಟಿ ಮಂಚ, ಗೂಡಿನಲ್ಲಿ ಸ್ಟವ್, ಮೂಲೆಗೆ ಒರಗಿಸಿಟ್ಟ ಉದ್ದನೆಯ ಕಬ್ಬಿಣದ ಚಾವಿ. ರಸ್ತೆಯ ಕೆಳಗಿನ ವಾಲ್ವ್‌ಗಳನ್ನು ತಿರುಗಿಸುವ ಚಾವಿ ಅದು; ಅವನ ಎದೆಯೆತ್ತರ ಇತ್ತು. ಅಂಗಿಯನ್ನು ಹಗ್ಗಕ್ಕೆ ಎಸೆದು, ಕೈ ಒರೆಸಿಕೊಂಡು, ಹೊಸಿಲು ದಾಟಿದ.

ಮನೆ ಅಪ್ಪ ಕಟ್ಟಿದ್ದು. ಬೀದಿಗೆ ಮುಖ ಮಾಡಿ ಅಣ್ಣನ ಲಾಂಡ್ರಿ, ಅದರ ಬೆನ್ನಿಗೆ ಅಣ್ಣ ಅತ್ತಿಗೆಯ ಸಂಸಾರ, ಅದರ ಬೆನ್ನಿಗೆ ಅವನ ಒಂದು ಕೋಣೆ. ನಡುವಿನ ಬಾಗಿಲಿಗೆ ಎರಡೂ ಕಡೆ ಚಿಲಕಗಳಿದ್ದವು. ತನ್ನ ಕಡೆಯದನ್ನು ಅವನು ಎಂದೂ ಹಾಕಿದವನಲ್ಲ. ಮದುವೆಯಾಗದ ತಮ್ಮನಿಗೆ ಊಟ ಅಣ್ಣನ ಮನೆಯಿಂದಲೇ ಎಂದು ಮೊದಲಿನಿಂದ ಬಂದ ರೂಢಿ. ಅದು ನಿಂತ ಮೇಲೆ ಅವನು ತಾನೇ ಬೇಯಿಸಿಕೊಂಡ. ಬೇಯಿಸಿದ್ದನ್ನು ಒಬ್ಬನೇ ತಿನ್ನುವಾಗ ತನ್ನ ಅಗಿಯುವ ಸದ್ದು ತನಗೇ ಕೇಳುತ್ತದೆ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಅಣ್ಣ ತಟ್ಟೆಯ ಮುಂದೆ ಕೂತಿದ್ದ. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಬಲಗೈ ದಪ್ಪವಾದವನು, ಯಾವಾಗಲೂ ಬೆವರಿನಲ್ಲಿ ಮಿಂದ ಮುಖದವನು. ತಲೆಯೆತ್ತದೆ ಎದುರಿನ ಜಾಗವನ್ನು ಗದ್ದದಿಂದ ತೋರಿಸಿದ. "ಕೂತ್ಕೋ."

ಅತ್ತಿಗೆ ಬಡಿಸಿದಳು. ಅವನಿಗೆ ಇಷ್ಟವಾದ ಅಡಿಗೆಯನ್ನೇ ಮಾಡಿದ್ದಳು. ಅದನ್ನು ಅವಳೂ ಹೇಳಲಿಲ್ಲ, ಅವನೂ ಗಮನಿಸಿದೆ ಎನ್ನಲಿಲ್ಲ. ಮೊದಲ ತುತ್ತು ಬಿಸಿಯಾಗಿ ಒಳಗಿಳಿದಾಗ ಅವನ ಕಣ್ಣು ಹನಿಗೂಡಿತು. ಖಾರವಾಯಿತೆಂಬಂತೆ ನೀರು ಕುಡಿದ.

"ಸಣ್ಣಗಾಗಿದ್ದೀಯ," ಎಂದಳು ಅತ್ತಿಗೆ. "ಕನ್ನಡಿ ನೋಡ್ಕೊಂಡಿದ್ದೀಯಾ? ಆ ಚಾವಿ ಯಾವುದು, ನೀನು ಯಾವುದು ಅಂತ ಗೊತ್ತಾಗ್ತಿಲ್ಲ."

ಅಣ್ಣ ಮೂಗಿನಲ್ಲಿ ನಕ್ಕ. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದ: "ನೀರು ಚೆನ್ನಾಗಿ ಬಂತು ಇವತ್ತು. ಒಳಗಿನ ತೊಟ್ಟಿ, ಹಿತ್ತಲ ತೊಟ್ಟಿ, ಡ್ರಮ್ಮು ಎಲ್ಲ ತುಂಬಿದ್ವು. ಸಂಜೆವರೆಗೂ ಬರ್ತಾನೇ ಇತ್ತು." ತುತ್ತು ಕಟ್ಟಿದ. "ನೀನು ಬಾಯಿಬಿಟ್ಟು ಹೇಳಲ್ಲ. ಹೇಳೋದು ಬೇಡ ಬಿಡು. ನಂಗೆ ಅರ್ಥ ಆಯ್ತು."

ನೀರಗಂಟಿಗೆ ಏನೂ ಅರ್ಥವಾಗಲಿಲ್ಲ. ಮತ್ತೊಂದು ತುತ್ತನ್ನು ಬಾಯಿಗಿಟ್ಟುಕೊಂಡ. ಸಂಜೆವರೆಗೂ ಹೇಗೆ ಬಂದೀತು? ಮಧ್ಯಾಹ್ನ ತಮ್ಮ ಇಳಿಬೀದಿಯ ಸರದಿ, ಸಂಜೆ ಮೇಲಿನ ದಿಬ್ಬದ್ದು. ಇಳಿಬೀದಿಯ ವಾಲ್ವ್ ಮುಚ್ಚದಿದ್ದರೆ ದಿಬ್ಬಕ್ಕೆ ಒಂದು ತೊಟ್ಟೂ ಏರುವುದಿಲ್ಲ. ಅವನು ಮುಚ್ಚಿದ್ದನಲ್ಲ.

ಮುಚ್ಚಿದ್ದನೆ?

ಅವನು ಅಗಿಯುವುದನ್ನು ನಿಲ್ಲಿಸಿದ. ಲಾಂಡ್ರಿಯ ಪಕ್ಕದ ಗುಂಡಿ, ಮುಚ್ಚಳ ಎತ್ತಿ ಪಕ್ಕಕ್ಕಿಟ್ಟದ್ದು, ಚಾವಿಯನ್ನು ಇಳಿಸಿದ್ದು, ಅಷ್ಟೂ ನೆನಪಿತ್ತು. ಆಗ ಒಳಗಿನಿಂದ ಅಣ್ಣನ ನಗು ಕೇಳಿಸಿತ್ತು. ಯಾರೋ ಗಿರಾಕಿಯ ಜೊತೆ ನಗುತ್ತಿದ್ದ. ಥೇಟು ಅಪ್ಪನ ನಗು: ಶುರುವಿನಲ್ಲಿ ಕೆಮ್ಮಿನ ಹಾಗೆ, ಕೊನೆಯಲ್ಲಿ ಮಗುವಿನ ಹಾಗೆ. ಆ ನಗು ತನಗಾಗಿ ಅಲ್ಲ ಎಂದು ಗೊತ್ತಿದ್ದೂ ಅದು ಮುಗಿಯುವವರೆಗೆ ಅವನು ಬಗ್ಗಿ ನಿಂತಿದ್ದ. ಆಮೇಲೆ ಚಾವಿ ಎತ್ತಿಕೊಂಡು, ಮುಚ್ಚಳ ಎಳೆದು, ದಿಬ್ಬದ ಕಡೆ ನಡೆದಿದ್ದ. ತಿರುಗಿಸಿದ್ದು ಮಾತ್ರ ನೆನಪಿರಲಿಲ್ಲ. ಚಾವಿಗೆ ಕಿವಿಯಿಟ್ಟದ್ದೂ ನೆನಪಿರಲಿಲ್ಲ.

ಕಿವಿಯಿಡುವುದು ಅಪ್ಪ ಕಲಿಸಿದ್ದು. ಅಪ್ಪನೂ ನೀರಗಂಟಿಯೇ. ವಾಲ್ವ್ ಮುಚ್ಚಿದ ಮೇಲೆ ಚಾವಿಯ ಹಿಡಿಗೆ ಕಿವಿ ಒತ್ತಿ ಕೇಳಬೇಕು. ಕೆಳಗೆ ನೀರು ಹರಿಯುತ್ತಿದ್ದರೆ ಕಬ್ಬಿಣದೊಳಗೆ ಸಣ್ಣಗೆ ಉಸಿರಾಡಿದಂತೆ ಕೇಳುತ್ತದೆ. ಸರಿಯಾಗಿ ಮುಚ್ಚಿದ್ದರೆ ಕಬ್ಬಿಣ ಬರೀ ಕಬ್ಬಿಣ. "ಕೈ ಸುಳ್ಳು ಹೇಳುತ್ತೆ ಕಣೋ," ಎನ್ನುತ್ತಿದ್ದ ಅಪ್ಪ. "ದಿನಾ ಮಾಡೋ ಕೆಲಸ ನೋಡು, ಮಾಡಿದೆ ಅಂತ ಹೇಳಿಬಿಡುತ್ತೆ. ಕಿವಿ ಇಟ್ಟು ಕೇಳ್ಕೊಂಡೇ ಮುಚ್ಚಳ ಹಾಕು."

"ಯಾಕೋ? ಮೆಣಸಿನಕಾಯಿ ಸಿಕ್ತಾ?" ಎಂದಳು ಅತ್ತಿಗೆ.

"ಇಲ್ಲ ಅತ್ತಿಗೆ. ಚೆನ್ನಾಗಿದೆ," ಎಂದ ನೀರಗಂಟಿ. ಹೇಳಬೇಕಾದ ಮಾತನ್ನು ಆ ತುತ್ತಿನ ಜೊತೆಗೇ ನುಂಗಿದ.

ಜಗಳ ದೊಡ್ಡದೇನಲ್ಲ. ಲಾಂಡ್ರಿಗೆ ಆಸ್ಪತ್ರೆಯೊಂದರ ಬಟ್ಟೆ ಬರತೊಡಗಿತ್ತು. ರಾಶಿಗಟ್ಟಲೆ ಹಾಸಿಗೆ ಬಟ್ಟೆ. ನೀರು ಸಾಲದು. ಅಣ್ಣ ಒಂದು ಸಂಜೆ ಇದೇ ಜಾಗದಲ್ಲಿ ಕೂತು, ಇಳಿಬೀದಿಯ ಸರದಿಯನ್ನು ಸ್ವಲ್ಪ ಎಳೆದು ಬಿಡು, ಯಾರಿಗೆ ಗೊತ್ತಾಗುತ್ತೆ ಎಂದಿದ್ದ. ದಿಬ್ಬದವರಿಗೆ ಗೊತ್ತಾಗುತ್ತೆ ಎಂದು ತಮ್ಮ ಅಂದ. ಅಲ್ಲಿರೋದು ನಾಲ್ಕು ಮುದುಕರು ಎಂದು ಅಣ್ಣ. ಮುದುಕರಿಗೂ ಬಾಯಾರುತ್ತೆ ಎಂದು ತಮ್ಮ. ಮಾತಿಗೆ ಮಾತು ಬೆಳೆದು ಕೊನೆಗೆ ಅವನು ಅಪ್ಪನ ಮಾತನ್ನು ಎತ್ತಿ ತಂದಿದ್ದ: "ವಾಲ್ವ್ ನಮ್ಮ ಕೈಲಿ, ನೀರು ನಮ್ಮದಲ್ಲ."

ಆಗ ಅಣ್ಣ ಎದ್ದು ನಿಂತು ಹೇಳಿದ್ದು ಇಷ್ಟು: "ದಿನಾ ಪ್ರಾರ್ಥನೇಲಿ ಹೇಳ್ತೀವಿ, ದೇವರು ಬದಲಾಗಲ್ಲ ಅಂತ, ಸರಿ. ಒಪ್ಪಿದೆ. ನೀನ್ಯಾಕೋ ದೇವರಾಗೋಕೆ ಹೋಗ್ತೀಯ? ನೀನು ನನ್ನ ತಮ್ಮ ಆಗಿದ್ರೆ ಸಾಕಾಗಿತ್ತು."

ಮಾರನೆಯ ದಿನ ಚಿಲಕ ಬಿತ್ತು. ಆ ಮಾತು ಮಾತ್ರ ಚಿಲಕದ ಈ ಕಡೆಗೇ ಉಳಿದುಹೋಯಿತು. ಕೋಣೆಯಲ್ಲಿ ಒಬ್ಬನೇ ಮಲಗಿದ್ದಾಗ ಅವನು ಅದನ್ನು ತಿರುವಿ ತಿರುವಿ ನೋಡುತ್ತಿದ್ದ. ತಾನು ಮಾಡಿದ್ದು ದೇವರ ಮಾತು ಕೇಳಿದ್ದೋ, ಬರೀ ಹಟವೋ? ಹಟವೂ ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ, ನೆಟ್ಟಗೆ, ಅಲುಗಾಡದೆ. ಒಳಗೆ ಏನು ಹರಿಯುತ್ತಿದೆ ಎಂದು ಕೇಳುವುದಕ್ಕೆ ಮನುಷ್ಯನಿಗೆ ಎಲ್ಲಿ ಕಿವಿಯಿಡಬೇಕು ಎಂದು ಅಪ್ಪ ಹೇಳಿಕೊಟ್ಟಿರಲಿಲ್ಲ.

ಊಟವಾದ ಮೇಲೆ ಪ್ರಾರ್ಥನೆ. ಅದೂ ಅಪ್ಪನದೇ. ದೀಪದ ಮುಂದೆ ಮನೆಯ ಹಿರಿಯ ಹೇಳಬೇಕು, ಕೊನೆಯ ಮಾತನ್ನು ಮನೆಯ ಕಿರಿಯ ಹೇಳಬೇಕು. ಇಷ್ಟು ತಿಂಗಳು ಅವನು ಬಾಗಿಲ ತನ್ನ ಕಡೆ ಕೂತು ಅಣ್ಣನ ದನಿಯನ್ನು ಕೇಳಿದ್ದ. ಕೊನೆಯ ಮಾತನ್ನು ಅತ್ತಿಗೆ ಅವಸರವಾಗಿ ಹೇಳಿ ಮುಗಿಸುತ್ತಿದ್ದಳು, ಬೇರೆಯವರ ಕೊಡೆ ಹಿಡಿದವಳ ಹಾಗೆ.

ಅಣ್ಣ ಕಣ್ಣು ಮುಚ್ಚಿ ಹೇಳಿದ: "ಹಗಲು ಹೊರಳಿದರೂ ಹೊರಳದವನೇ, ನಾವು ಸರಿದರೂ ಸರಿಯದವನೇ, ನಮ್ಮನ್ನು ನಿನ್ನ ಮಾತಿನಲ್ಲಿ ನಿಲ್ಲಿಸು."

ಇಬ್ಬರೂ ಅವನಿಗಾಗಿ ಕಾದರು.

"ನಿಂತಿದ್ದೇವೆ," ಎಂದ ನೀರಗಂಟಿ. ದನಿ ಹೊರಗೆ ಬಂದದ್ದು ಅವನಿಗೇ ಕೇಳಲಿಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದು ಚಿಲಕ ಹಾಕಲಿಲ್ಲ. ಬಾಗಿಲಿನ ಸಂದಿಯಿಂದ ಅಣ್ಣನ ಗೊರಕೆ ಕೇಳುತ್ತಿತ್ತು. ಆ ಗೊರಕೆಗಾಗಿ ಇಷ್ಟು ದಿನ ಹಂಬಲಿಸಿದ್ದವನಿಗೆ ಈಗ ಅದು ಕೇಳುತ್ತಿದ್ದರೂ ನಿದ್ದೆ ಬರಲಿಲ್ಲ. ನಾನು ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದಿಬ್ಬದವರು ಒಂದು ಸರದಿ ತಡೆದುಕೊಂಡಾರು. ಪೈಪು ಒಡೆದರೆ ತಡೆದುಕೊಳ್ಳುವುದಿಲ್ಲವೇ?

ಬೆಳಿಗ್ಗೆ ಎದ್ದವನೇ ಲಾಂಡ್ರಿ ಪಕ್ಕದ ಗುಂಡಿಗೆ ಹೋದ. ಮುಚ್ಚಳ ಸರಿಸಿ, ಚಾವಿಯನ್ನು ಇಳಿಸಿ, ಮುಚ್ಚುವ ಕಡೆಗೆ ಒತ್ತಿದ. ಚಾವಿ ಸಲೀಸಾಗಿ ತಿರುಗಿತು, ತಿರುಗುತ್ತಲೇ ಹೋಯಿತು. ಪೂರ್ತಿ ತೆರೆದೇ ಇತ್ತು. ಬಿಗಿಯಾಗಿ ಮುಚ್ಚಿ, ಮುಚ್ಚಳ ಎಳೆದು, ದಿಬ್ಬ ಹತ್ತಿದ.

ನೀರು ಬರುವುದು ದಿನ ಬಿಟ್ಟು ದಿನ. ಇವತ್ತು ಯಾರಿಗೂ ಇಲ್ಲ. ದಿಬ್ಬದ ಬೀದಿಯಲ್ಲಿ ನಲ್ಲಿಗಳ ಕೆಳಗೆ ನಿನ್ನೆ ಸಂಜೆ ಇಟ್ಟ ಕೊಡಗಳು ಇನ್ನೂ ಹಾಗೇ ಬಾಯಿ ತೆರೆದು ಕೂತಿದ್ದವು. ಕೊನೆಯ ಮನೆ ಟೀಚರಮ್ಮನದು. ಶಾಲೆ ಬಿಟ್ಟು ವರ್ಷಗಳಾದರೂ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅವರ ಗಂಡ ಪಾರ್ಶ್ವವಾಯು ಬಡಿದು ಮಲಗಿದವರು. ಟೀಚರಮ್ಮ ಮೆಟ್ಟಿಲ ಮೇಲೆ ಕೂತು, ಒಂದು ಬೋಗುಣಿಯ ತಳದಲ್ಲಿದ್ದ ನೀರಿನಲ್ಲಿ ಬಟ್ಟೆಯ ಅಂಚನ್ನಷ್ಟೇ ಅದ್ದಿ ಉಜ್ಜುತ್ತಿದ್ದರು.

"ಬನ್ನಿ ನೀರಗಂಟಿಗಳೇ," ಎಂದರು. "ನೀರು ಬಿಟ್ಟು ಬರೀ ಗಂಟಿ ಬಂದ್ರಾ?"

ಅವನು ನಗಲಿಲ್ಲ. "ನಿನ್ನೆ ಬರ್ಲಿಲ್ವಾ, ಟೀಚರಮ್ಮ?"

"ನಲ್ಲಿ ಒಂದು ಸಲ ಆಕಳಿಸ್ತು. ಅಷ್ಟೇ. ಎದುರುಮನೆಯವಳು ನಿಮ್ಮನ್ನ ಬೈಯೋಕೆ ಶುರು ಮಾಡಿದ್ಲು, ನಾನೇ ಬಾಯಿ ಮುಚ್ಚಿಸಿದೆ. ಆ ಮನುಷ್ಯ ಸ್ವಂತ ಅಣ್ಣನನ್ನೇ ದೂರ ಮಾಡ್ಕೊಂಡು ನಮಗೆ ನೀರು ಬಿಡ್ತಾನೆ, ಅವನು ತಪ್ಪೋನಲ್ಲ ಅಂದೆ." ಬಟ್ಟೆಯನ್ನು ತಿರುಗಿಸಿ ಇನ್ನೊಂದು ಅಂಚನ್ನು ಅದ್ದಿದರು. "ಯಾರನ್ನಾದ್ರೂ ಬೈಲೇಬೇಕಲ್ಲ? ನಿಮ್ಮನ್ನ ಬೈಯೋಕಾಗಲ್ಲ. ಅದಕ್ಕೆ ಮೇಲಿನವನನ್ನೇ ಬೈದೆ. ಅವನಿಗೂ ವಯಸ್ಸಾಯ್ತೇನೋ, ದಿಬ್ಬ ಹತ್ತೋಕೆ ಮಂಡಿ ನೋಯ್ತಿದೆಯೇನೋ, ಮೊದಲಿನ ಹಾಗಿಲ್ಲ ಅಂತ."

ಒಳಗಿನಿಂದ ಗಂಡ ಏನೋ ಅಸ್ಪಷ್ಟವಾಗಿ ಕೂಗಿದರು. "ಬಂದೆ, ಬಂದೆ," ಎಂದರು ಟೀಚರಮ್ಮ, ಆದರೆ ಏಳಲಿಲ್ಲ. ಎದ್ದು ಹೋದರೂ ಒಯ್ಯಲು ಕೈಯಲ್ಲಿ ಏನೂ ಇರಲಿಲ್ಲ.

ನೀರಗಂಟಿ ಚಾವಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ತಾನು ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಇಡೀ ರಾತ್ರಿ ಅಂದುಕೊಂಡಿದ್ದ. ಸುಮ್ಮನಿದ್ದದ್ದರ ಬಾಬ್ತು ಬೇರೆಯವನ ತಲೆಗೆ ಹೋಗಿ ಕೂತಿತ್ತು. ಅದೂ ಎಂಥವನ ತಲೆಗೆ.

"ಟೀಚರಮ್ಮ," ಎಂದ. "ಅವನಲ್ಲ. ನಾನು."

"ಏನು ನೀವು?"

"ಇಳಿಬೀದಿ ವಾಲ್ವ್ ಮುಚ್ಚೋಕೆ ಮರೆತೆ. ಅವನು ಎಲ್ಲೂ ಹೋಗಿಲ್ಲ. ನೀರೂ ಇತ್ತು. ನಾನೇ ಬಿಡ್ಲಿಲ್ಲ."

ಟೀಚರಮ್ಮ ಅವನನ್ನೇ ನೋಡಿದರು. ಬೈಗುಳ ಬರುತ್ತದೆಂದು ಅವನು ತಲೆ ತಗ್ಗಿಸಿ ನಿಂತ. ಬಂದಿದ್ದರೆ ಹಗುರವಾಗುತ್ತಿತ್ತು. ಅವರು ಬೋಗುಣಿಯನ್ನು ಎತ್ತಿಕೊಂಡು ಎದ್ದರು. "ರಾತ್ರಿ ಅವರನ್ನ ಒರೆಸೋಕೂ ನೀರಿರಲಿಲ್ಲ," ಎಂದರು ಮೆಲ್ಲಗೆ. "ಅವರು ಅತ್ತರು. ಮಾತು ಬರೋದಿಲ್ಲ ಅವರಿಗೆ, ಅಳು ಮಾತ್ರ ಬರುತ್ತೆ." ಹೊಸಿಲಲ್ಲಿ ತಿರುಗಿ, "ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಡಿ. ಹೋಗಿ," ಎಂದರು.

ಅವನು ಇಳಿದು ಪಂಪ್‌ಹೌಸಿಗೆ ಹೋಗಿ, ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ನೀರು ಹೊತ್ತು ತಂದ. ಮೊದಲು ಟೀಚರಮ್ಮನ ಮನೆಗೆ, ಆಮೇಲೆ ಉಳಿದವರಿಗೆ. ಪ್ರತಿ ಬಾಗಿಲಲ್ಲೂ ನಿನ್ನೆ ತಪ್ಪಿದ್ದು ನಾನು ಎಂದು ಹೇಳಿದ. ಎದುರುಮನೆಯವಳು, "ನಾನು ಹೇಳ್ಲಿಲ್ವಾ? ತೊಳೆದ ಮುತ್ತು ಅಂತ ತಲೆ ಮೇಲೆ ಹೊತ್ಕೊಂಡಿದ್ರು," ಎಂದು ಬೀದಿಗೆ ಕೇಳುವಂತೆ ಬೈದಳು, ಬೈಯುತ್ತಲೇ ಕೊಡ ಒಡ್ಡಿದಳು. ಟೀಚರಮ್ಮ ಕ್ಯಾನು ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ನಾಳೆ ದಿಬ್ಬಕ್ಕೇ ಮೊದಲ ಸರದಿ, ಕಳೆದದ್ದೂ ಸೇರಿಸಿ ಬಿಡುತ್ತೇನೆ ಎಂದು ಅವನು ಮುಚ್ಚಿದ ಬಾಗಿಲಿಗೆ ಹೇಳಿ ಬಂದ. ಪಂಪ್‌ಹೌಸಿನ ಮೇಲ್ವಿಚಾರಕನಿಗೂ ಅದನ್ನೇ ಹೇಳಿದ. ಆತ ಕೆನ್ನೆ ತುರಿಸಿಕೊಂಡು, "ಯಾರೂ ಕಂಪ್ಲೇಂಟ್ ಕೊಟ್ಟಿಲ್ಲವಲ್ಲ ಮಾರಾಯ, ನಿಂಗ್ಯಾಕೆ ತುರಿಕೆ?" ಎಂದ, ಆಮೇಲೆ ಸರಿ ಎಂದ.

ಅಣ್ಣನಿಗೆ ಹೇಳುವುದು ಉಳಿದಿತ್ತು.

ಲಾಂಡ್ರಿಯೊಳಗೆ ಹಬೆ ತುಂಬಿತ್ತು. ತೊಟ್ಟಿಗಳು ಕಂಠಮಟ್ಟ ತುಂಬಿದ್ದವು. ಹಗ್ಗಗಳ ಮೇಲೆ ಬಿಳಿ ಹಾಸಿಗೆ ಬಟ್ಟೆಗಳು ಗೋಡೆಗಳ ಹಾಗೆ ಇಳಿಬಿದ್ದಿದ್ದವು. ಅವುಗಳ ನಡುವೆ ಅಣ್ಣನ ಕಾಲು ಮಾತ್ರ ಕಾಣುತ್ತಿತ್ತು.

"ಅಣ್ಣ."

"ಬಾರೋ. ಕಾಫಿ ಕುಡೀತೀಯಾ?" ದನಿಯಲ್ಲಿ ನಗುವಿತ್ತು. "ನಿಮ್ಮತ್ತಿಗೆ ಬೆಳಿಗ್ಗೆಯಿಂದ ನಿನ್ನ ಮದುವೆ ಮಾತು ಎತ್ತಿದಾಳೆ. ಈ ವಯಸ್ಸಲ್ಲಿ ಯಾರು ಕೊಡ್ತಾರೆ ಅಂದ್ರೆ, ನೀರಿರೋ ಗಂಡು ಅಂತ ಯಾರಾದ್ರೂ ಕೊಟ್ಟಾರು ಅಂತಾಳೆ."

ಇದೊಂದು ಮಾತು ಇಲ್ಲದಿದ್ದರೆ ಸುಲಭವಿತ್ತು. ನೀರಗಂಟಿ ಒದ್ದೆ ಬಟ್ಟೆಯನ್ನು ಕೈಯಿಂದ ಸರಿಸಲಿಲ್ಲ. ಅದರ ಈ ಕಡೆಯಿಂದಲೇ ಹೇಳಿದ. "ಮೊನ್ನೆಯ ನೀರು ನಾನು ಬಿಟ್ಟಿದ್ದಲ್ಲ ಅಣ್ಣ. ಮುಚ್ಚೋಕೆ ಮರೆತಿದ್ದು."

"ಮೊನ್ನೆ ಅಲ್ಲ, ನಿನ್ನೆ," ಎಂದ ಅಣ್ಣ.

ಅವನಿಗೆ ಅದು ಎಷ್ಟೋ ದಿನಗಳ ಹಿಂದಿನದು ಅನ್ನಿಸಿತ್ತು. "ಹೂಂ. ನಿನ್ನೆ."

ಇಸ್ತ್ರಿ ಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲೆ ನಿಲ್ಲಿಸಿದ ಸದ್ದಾಯಿತು. "ಅಂದ್ರೆ ನನಗೆ ಅಂತ ಅಲ್ಲ."

"ಅಲ್ಲ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ? ಕೂತು ಉಂಡೆಯಲ್ಲ?"

"ಉಂಡೆ."

"ಪ್ರಾರ್ಥನೆಗೂ ಕೂತೆ."

"ಕೂತೆ. ಅದೇ ತಪ್ಪಾಗಿದ್ದು. ನಾಳೆ ದಿಬ್ಬಕ್ಕೆ ಮೊದಲು ಬಿಡ್ತೀನಿ. ಉಳಿದ್ರೆ ಇಳಿಬೀದಿಗೆ. ನಿನ್ನ ತೊಟ್ಟಿ ತುಂಬಿದಾವೆ, ಆದ್ರೂ ಹೇಳಿ ಹೋಗೋಣ ಅಂತ."

ಬಟ್ಟೆಯ ಆ ಕಡೆಯಿಂದ ಬಂದ ಅಣ್ಣನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಒಂದು ಕೆಲಸ ಮಾಡಬಹುದಾಗಿತ್ತು ನೀನು. ಸುಮ್ನಿರಬಹುದಾಗಿತ್ತು. ನಾನೇನು ಕೇಳಿದ್ನಾ? ನನ್ನ ತಮ್ಮ ಒಂದು ಸಲ ನನಗೋಸ್ಕರ ಬಗ್ಗಿದ ಅಂದ್ಕೊಂಡು ನಾನು ಇದ್ದುಬಿಡ್ತಿದ್ದೆ."

"ನಾನೂ ಇದ್ದುಬಿಡೋಣ ಅಂದ್ಕೊಂಡೆ ಅಣ್ಣ," ಎಂದ ನೀರಗಂಟಿ. "ಆಗ್ಲಿಲ್ಲ. ಅಲ್ಲಿ ಟೀಚರಮ್ಮ ದೇವರು ಬದಲಾದ ಅಂತಿದ್ರು."

ಇಸ್ತ್ರಿ ಮತ್ತೆ ಬಟ್ಟೆಯ ಮೇಲೆ ಜಾರತೊಡಗಿತು.

ಸಂಜೆ ಚಿಲಕ ಬಿತ್ತು. ಹಾಕಿದ್ದು ಅತ್ತಿಗೆಯೋ ಅಣ್ಣನೋ ತಿಳಿಯಲಿಲ್ಲ. ಹಾಕುವಾಗ ಅದು ಗೊಣಗುವುದಿಲ್ಲ, ತೆಗೆಯುವಾಗಷ್ಟೇ. ನೀರಗಂಟಿ ಮಂಚದ ಮೇಲೆ ಕೂತು ಕಾದ. ದೀಪದ ಹೊತ್ತಾಯಿತು. ಅಣ್ಣನ ದನಿ ಕೇಳಿತು, ಎಂದಿಗಿಂತ ನಿಧಾನವಾಗಿ: ಹೊರಳದವನೇ, ಸರಿಯದವನೇ, ನಿಲ್ಲಿಸು. ಕೊನೆಯ ಮಾತಿನ ಜಾಗ ಬಂತು. ಅತ್ತಿಗೆ ಹೇಳಲಿಲ್ಲ. ಪಾತ್ರೆಯ ಸದ್ದಿಲ್ಲ, ಕೆಮ್ಮಿಲ್ಲ. ಆ ಖಾಲಿ ಜಾಗ ತನಗಾಗಿ ಬಿಟ್ಟದ್ದೋ, ಅವಳಿಗೆ ಮರೆತುಹೋಯಿತೋ, ಬೇಡವೆಂದೇ ಬಿಟ್ಟರೋ, ಅವನಿಗೆ ಗೊತ್ತಾಗಲಿಲ್ಲ. ತುಟಿ ಅಲ್ಲಾಡಿತು. ನಿನ್ನೆ ಅಷ್ಟು ಸುಲಭವಾಗಿ ಹೇಳಿಬಿಟ್ಟ ಮಾತು ಇವತ್ತು ಹೊರಡಲಿಲ್ಲ. ಆ ಕಡೆ ಯಾರೋ ಎದ್ದ ಸದ್ದಾಯಿತು.

ಮಾರನೆಯ ಮಧ್ಯಾಹ್ನ ಇಳಿಬೀದಿಯ ನಲ್ಲಿಗಳು ಒಣಗಿದ್ದವು. ಕೊಡ ಹಿಡಿದು ಬಂದವರು ಖಾಲಿ ನಲ್ಲಿ ನೋಡಿ, ಚಾವಿ ಹೊತ್ತು ಬರುತ್ತಿದ್ದ ಅವನನ್ನು ನೋಡಿ, ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಅವನು ಲಾಂಡ್ರಿ ಪಕ್ಕದ ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತು ಮುಚ್ಚಳ ಎತ್ತಿದ. ದಿಬ್ಬಕ್ಕೆ ಬಿಡುವ ಮೊದಲು ಇದು ಬಿಗಿಯಾಗಿರಬೇಕು. ಚಾವಿಯನ್ನು ಇಳಿಸಿ ಒತ್ತಿದ. ಅಲುಗಲಿಲ್ಲ. ಹಿಡಿಗೆ ಕಿವಿಯಿಟ್ಟ. ಕಬ್ಬಿಣ ಬರೀ ಕಬ್ಬಿಣವಾಗಿತ್ತು.

ತಲೆಯೆತ್ತಿದಾಗ ಅಣ್ಣ ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆಗಳ ಅಟ್ಟಿ, ಗದ್ದದವರೆಗೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಮುಚ್ಚಿದ್ಯಾ?" ಎಂದ ಅಣ್ಣ.

"ಮುಚ್ಚಿದೀನಿ."

ಅಣ್ಣ ಗುಂಡಿಯನ್ನು ನೋಡಿದ, ಚಾವಿಯನ್ನು ನೋಡಿದ. ಒಳಗೆ ತಿರುಗುತ್ತ, ಬಟ್ಟೆಗಳ ಹಿಂದಿನಿಂದ ಹೇಳಿದ:

"ಸರಿಯಾಗಿ ಕೇಳು."

ನೀರಗಂಟಿ ಮುಚ್ಚಳವನ್ನು ಎಳೆಯಲು ಚಾಚಿದ ಕೈಯನ್ನು ಹಿಂದೆಗೆದುಕೊಂಡ. ಬಗ್ಗಿ, ಬಿಸಿಲಿಗೆ ಕಾದ ಕಬ್ಬಿಣಕ್ಕೆ ಮತ್ತೊಮ್ಮೆ ಕಿವಿಯೊತ್ತಿದ. ಕಿವಿ ಸುಟ್ಟಿತು, ತೆಗೆಯಲಿಲ್ಲ. ಬೀದಿಯವರು ನೋಡುತ್ತಿದ್ದರು. ಒಳಗೆ ಇಸ್ತ್ರಿ ಪೆಟ್ಟಿಗೆಯ ಸದ್ದು ಇನ್ನೂ ಶುರುವಾಗಿರಲಿಲ್ಲ.